ಹೊನ್ನಮ್ಮ ಬರೆದ ತೇದಿ

ಕಾಳಿ ನದಿಯ ಹೊಸ ಧಕ್ಕೆಯಿಂದ,
ಇಸವಿ ಎರಡು ಸಾವಿರದ ಮುನ್ನೂರ ತೊಂಬತ್ತೊಂದು, ಮೇ ತಿಂಗಳು, ಎಂಟನೆಯ ದಿನ, ಬುಧವಾರ.

ನಮಗಿಂತ ಹಿಂದೆ ಬದುಕುತ್ತಿರುವ ಹಿರಿಯರಿಗೆ ದೇವಕಿ ಹರಿಕಂತ್ರಳ ನಮಸ್ಕಾರಗಳು.

ಮೇಲಿನ ತೇದಿ ನೋಡಿ ಯಾರೋ ಕುಚೋದ್ಯ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಅದು ಇಂದಿನದೇ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಸಾಗಿ ನಿಮ್ಮನ್ನು ಮುಟ್ಟುತ್ತದೆ. ನನ್ನ ಬರವಣಿಗೆ ನಿಮಗೆ ಅಲ್ಲಲ್ಲಿ ಎಡವಿದಂತೆ ಕಂಡರೆ ಕ್ಷಮೆ ಇರಲಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತ ಕನ್ನಡ ಇದು. ಮನೆಯಲ್ಲಿ ಆಡುವ ಮಾತು ಬೇರೆ. ನಿಮಗೆ ಗೊತ್ತಿರಲಾರದ ಪದ ಬಂದರೆ ಅಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಕಡಲದಂಡೆ ಈಗ ನೀರಿನೊಳಗಿದೆ. ಆದರೆ ದೂರು ಹೇಳಲು ಬರೆದ ಕಾಗದವಲ್ಲ ಇದು. ಕೇಳುವುದು ಒಂದೇ ಒಂದಿದೆ, ಅದನ್ನು ಕೊನೆಯಲ್ಲಿ ಕೇಳುತ್ತೇನೆ.

ನಾನು ತೇದಿಗಾರ್ತಿ. ಹಳೆಯ ಕಾಗದ, ಡಬ್ಬಿ, ಕಲ್ಲು, ಯಾವುದೇ ಇರಲಿ, ಅದರ ಮೇಲೆ ಬರೆದದ್ದು ನಿಜವಾಗಿ ಯಾವ ದಿನ ಎಂದು ಓದಿ ಹೇಳುವವಳು. ನನಗಿಂತ ಮುಂಚೆ ನನ್ನ ಅಮ್ಮ ಈ ಕೆಲಸ ಮಾಡುತ್ತಿದ್ದಳು. ಇದೊಂದು ಕೆಲಸವೇ ಎಂದು ನೀವು ನಗಬಹುದು. ನಗುವ ಮುಂಚೆ ನಮ್ಮ ತೇದಿಮನೆಯ ಕಪಾಟುಗಳನ್ನು ನೀವು ನೋಡಬೇಕಿತ್ತು. ಹತ್ತಾರು ದೇಶಗಳಿಂದ ಹಡಗಿನಲ್ಲಿ ಬಂದಿಳಿದವರ ಊರು ನಮ್ಮದು, ಎಲ್ಲರೂ ತಮ್ಮ ತಮ್ಮ ಕಾಗದದ ಗಂಟು ಹೊತ್ತೇ ಬಂದರು. ಜಪಾನಿನವರು, ಕೊರಿಯದವರು, ಹಂಗೇರಿಯವರು ಮೊದಲು ವರ್ಷ, ಆಮೇಲೆ ತಿಂಗಳು, ಕಡೆಗೆ ದಿನ ಬರೆಯುತ್ತಾರೆ, ಪಂಕ್ತಿಯಲ್ಲಿ ಹಿರಿಯರಿಂದ ಬಡಿಸುತ್ತಾ ಬಂದ ಹಾಗೆ. ನಾವು ದಿನದಿಂದ ಶುರು ಮಾಡುತ್ತೇವೆ. ಅಮೆರಿಕದ ಕಡೆಯವರು ತಿಂಗಳನ್ನು ಮುಂದಿಟ್ಟು, ದಿನವನ್ನು ನಡುವೆ ಕೂರಿಸಿ, ವರ್ಷವನ್ನು ಬಾಲಕ್ಕೆ ಕಟ್ಟುತ್ತಾರೆ. ಅದೇಕೆ ಹಾಗೆ ಎಂದು ಕೇಳಿದರೆ ಅವರ ಮೊಮ್ಮಕ್ಕಳಿಗೂ ಗೊತ್ತಿಲ್ಲ. ಥಾಯ್ಲೆಂಡಿನ ಕಾಗದದಲ್ಲಿ ವರ್ಷ ಐನೂರ ನಲವತ್ತಮೂರು ಹೆಚ್ಚಿರುತ್ತದೆ, ಇಥಿಯೋಪಿಯದ್ದರಲ್ಲಿ ಏಳೋ ಎಂಟೋ ಕಡಿಮೆ, ತಿಂಗಳು ಮಾತ್ರ ಹದಿಮೂರು. ನೇಪಾಳದ ನಮ್ಮ ನೆರೆಮನೆಯಾಕೆ ವಯಸ್ಸು ಕೇಳಿದರೆ ತನ್ನ ಇಸವಿಯಲ್ಲಿ ಹೇಳಿ ನಮ್ಮನ್ನು ಗೊಂದಲಕ್ಕೆ ಹಾಕಿ ತಾನು ಬಾಗಿಲು ಹಾಕಿಕೊಳ್ಳುತ್ತಾಳೆ. ಇಷ್ಟರ ನಡುವೆ ಮೀನು ಮಾರುವ ನಮ್ಮ ಹೆಂಗಸರು ಯಾವ ಅಂಕಿಗೂ ಸೊಪ್ಪು ಹಾಕುವುದಿಲ್ಲ. ಸಂಕಷ್ಟಿಯ ಮಾರನೇ ದಿನ, ಹುಣ್ಣಿಮೆ ಕಳೆದ ಮೂರನೇ ದಿನ ಎನ್ನುತ್ತಾರೆ, ಮತ್ತು ನಾನು ಕಂಡಂತೆ ಅವರು ತಪ್ಪಿದ್ದೇ ಇಲ್ಲ.

ಇನ್ನು ಬೊಮ್ಮಯ್ಯ ಅಂಬಿಗರ ವಿಷಯ ಹೇಳಬೇಕು. ಈ ಕಾಗದ ಬರೆಯುತ್ತಿರುವುದೇ ಅವರಿಂದಾಗಿ. ಅವರಿಗೆ ಈಗ ಎಪ್ಪತ್ತೊಂದು. ಹೊಳೆಯಲ್ಲಿ ಒಂದು ದಿನದ ದಾರಿ ಒಳಗಿರುವ ಊರಿನಲ್ಲಿ ದೋಣಿ ಕಟ್ಟುತ್ತಾರೆ. ಅವರಿಗೆ ಐದು ವರ್ಷವಾಗಿದ್ದಾಗ ತಾಯಿ ಹೊನ್ನಮ್ಮ ದುಡಿಯಲು ಪಾಚಿಹೊಲಕ್ಕೆ ಹೋದಳು. ಪಾಚಿಹೊಲವೆಂದರೆ ಸಮುದ್ರದ ಮೇಲೆ ಹಗ್ಗ ಕಟ್ಟಿ ತಿನ್ನುವ ಪಾಚಿ ಬೆಳೆಯುವ ಜಾಗ. ಆಗ ದೊಡ್ಡ ಹೊಲಗಳೆಲ್ಲ ಅಮೆರಿಕದ ಕಡೆಯ ಕಡಲಲ್ಲಿದ್ದವು. ಊರಲ್ಲಿದ್ದಾಗ ಆಕೆಗೆ ಓದುಬರಹವಿರಲಿಲ್ಲ. ಅಂಕಿ ಅಕ್ಷರ ಎರಡನ್ನೂ ಅಲ್ಲೇ, ಜೊತೆಗೆ ದುಡಿಯುವವರಿಂದ ಕಲಿತಳು. ನಾಲ್ಕನೆಯ ವರ್ಷ ಒಂದು ಕಾಗದ ಬಂತು, ಆಕೆ ಬರೆದ ಮೊದಲ ಕಾಗದ. ‘ಹೊರಟಿದ್ದೇನೆ, ಧಕ್ಕೆಗೆ ಇಬ್ಬರೂ ಬನ್ನಿ’ ಎಂದು ಬರೆದು, ಕೆಳಗೆ ಬಂದಿಳಿಯುವ ದಿನ 05/08 ಎಂದು ಹಾಕಿದ್ದಳು.

ಗಂಡ ಹಮ್ಮಣ್ಣ ಅದನ್ನು ನಾವೆಲ್ಲ ಓದುವಂತೆಯೇ ಓದಿದ, ಆಗಸ್ಟ್ ಐದು. ನಮ್ಮ ಹಡಗುಗಳು ಓಡುವುದು ಹಾಯಿಯಿಂದ. ಜೂನ್ ಹಿಡಿದರೆ ಆಗಸ್ಟ್ ಮುಗಿಯುವ ತನಕ ಈ ಕರಾವಳಿಗೆ ಒಂದೂ ಬರುವುದಿಲ್ಲ, ಇದು ತೊಟ್ಟಿಲ ಕೂಸಿಗೂ ಗೊತ್ತು. ಹಮ್ಮಣ್ಣನಿಗೂ ಗೊತ್ತಿತ್ತು. ಆದರೂ ಹೆಂಡತಿ ಬರೆದಿದ್ದಾಳೆಂದು ಮಗನನ್ನು ಕರೆದುಕೊಂಡು ಹೋಗಿ, ಸುರಿಯುವ ಮಳೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಖಾಲಿ ಧಕ್ಕೆಯ ಮೇಲೆ ನಿಂತ. ಮರಳಿ ಬಂದಾಗ ಊರಿನವರು ಸುಮ್ಮನಿರಲಿಲ್ಲ.

“ನಿನ್ ಹೆಂಡ್ತಿ ನಿನ್ ಬಾಗಿಲ ಮೇಲೆ ‘ನಾಳೆ ಬಾ’ ಬರ್ದಿಟ್ಟಿದೆ ಮಾರಾಯಾ” ಎಂದು ಒಬ್ಬ ಅಂದನಂತೆ.

ದೆವ್ವ ಒಳಗೆ ಬಾರದಿರಲೆಂದು ಹಿಂದೆ ಬಾಗಿಲಿಗೆ ಹಾಗೆ ಬರೆಯುತ್ತಿದ್ದರಲ್ಲ, ಆ ಮಾತು. ಅದು ಹಮ್ಮಣ್ಣನ ಎದೆಗೆ ನಾಟಿತು. ಹಡಗು ಬರದ ದಿನವನ್ನೇ ಹುಡುಕಿ ಬರೆದಿದ್ದಾಳೆ, ಬರಲಾರೆ ಎಂದು ಹೇಳುವ ಬಗೆ ಇದು, ಗಂಡನನ್ನೂ ಮಗನನ್ನೂ ಬೇಕೆಂದೇ ಮಳೆಯಲ್ಲಿ ನಿಲ್ಲಿಸಿದಳು ಎಂದೇ ನಂಬಿದ. ಸಾಯುವ ತನಕ ಆಕೆಯ ಹೆಸರೆತ್ತಲು ಬಿಡಲಿಲ್ಲ.

ನಲವತ್ತು ವರ್ಷಗಳ ಹಿಂದೆ ಬೊಮ್ಮಯ್ಯನವರು ಆ ಕಾಗದ ಹಿಡಿದು ನನ್ನ ಅಮ್ಮನ ಬಳಿ ಬಂದಿದ್ದರು. ಒಮ್ಮೆ ಧಕ್ಕೆಯ ಪುಸ್ತಕ ನೋಡಿ, ಅವ್ವಿ ಬಂದಿತ್ತೋ ಇಲ್ಲವೋ ಹೇಳಿ ಎಂದು ಕೇಳಿದರು. ಅವ್ವಿ ಎಂದರೆ ತಾಯಿ, ನಮ್ಮ ಕಡೆ ಮನೆಯ ಹೆಂಗಸರನ್ನು ‘ಅದು’ ಎಂದೇ ಆಡುತ್ತೇವೆ. ಅಮ್ಮ ಆ ವರ್ಷದ ಪುಸ್ತಕ ತೆಗೆದು ಆಗಸ್ಟ್ ಪುಟ ತೋರಿಸಿದಳು. ‘ಮಳೆಗಾಲ, ಹಡಗಿಲ್ಲ’ ಎಂದಷ್ಟೇ ಇತ್ತು. ಬಂದಿಲ್ಲ ಎಂದು ಹೇಳಿ ಕಳಿಸಿದಳು. ದೇಶದೇಶಗಳ ತೇದಿ ಬಿಡಿಸುವ ನನ್ನ ಅಮ್ಮನಿಗೆ, ನಮ್ಮೂರಿನ ಹೆಂಗಸು ಬೇರೆ ದೇಶದವರ ಹಾಗೆ ಬರೆದಿರಬಹುದೆಂದು ಹೊಳೆಯಲೇ ಇಲ್ಲ. ಕನ್ನಡದ ಕಾಗದ, ಕನ್ನಡದ ತೇದಿ ಎಂದುಕೊಂಡಳು.

ಈ ಮಾರ್ಚ್ ತಿಂಗಳಲ್ಲಿ ಗೆದ್ದಲು ಹಿಡಿದ ಆ ಪುಸ್ತಕವನ್ನು ನಾನು ನಕಲು ಮಾಡುತ್ತಿದ್ದೆ. ಆ ಕಾಲದಲ್ಲಿ ಹಡಗಿನ ಜ್ವರದ ಭಯಕ್ಕೆ ಒಂದು ಕಟ್ಟಳೆ ಇತ್ತು. ಇಳಿದವರು ಒಪ್ಪುಗಟ್ಟೆಯ ಮೇಲೆ ಕೂರಬೇಕು. ಕಾವಲಿನವನು ಅವರ ಹೆಸರು ಕೂಗುತ್ತಾನೆ. ಮೂರು ದಿನದೊಳಗೆ ಮನೆಯವರು ಬಂದು ‘ನಮ್ಮವರು’ ಎಂದು ಒಪ್ಪಿದರೆ ಊರಿಗೆ, ಇಲ್ಲವಾದರೆ ಅದೇ ಹಡಗಿಗೆ. ಕಟ್ಟೆ ಬಿಟ್ಟು ಏಳುವಂತಿಲ್ಲ, ಹೊರಗಿನವರೊಡನೆ ಮಾತಾಡುವಂತಿಲ್ಲ. ಆ ಪುಸ್ತಕದ ಮೇ ಎಂಟರ ಪುಟದಲ್ಲಿ ಹೀಗಿತ್ತು: ‘ಹೊನ್ನಮ್ಮ, ಗಂಡ ಹಮ್ಮಣ್ಣ ಅಂಬಿಗ, ಮಗ ಬೊಮ್ಮಯ್ಯ. ಕೂಗಲಾಯಿತು. ಯಾರೂ ಬಂದಿಲ್ಲ.’ ಒಂಬತ್ತರಲ್ಲೂ ಅದೇ, ಹತ್ತರಲ್ಲೂ ಅದೇ. ಹನ್ನೊಂದರ ಬೆಳಗ್ಗೆ: ‘ಹೊನ್ನಮ್ಮಳನ್ನು ಹಡಗು ಹತ್ತಿಸಲಾಯಿತು. ಕಟ್ಟೆಯ ಮೇಲೆ ಬಿಟ್ಟುಹೋದದ್ದು, ಹುಡುಗನ ಅಂಗಿ ಎರಡು, ಒಂಬತ್ತು ವರ್ಷದವನ ಅಳತೆ.’

ಐದು ವರ್ಷದವನನ್ನು ಬಿಟ್ಟುಹೋದವಳು ಒಂಬತ್ತು ವರ್ಷದವನ ಅಳತೆಗೆ ಅಂಗಿ ಹೊಲಿದು ತಂದಿದ್ದಳು. ನಾನು ಬರೆಯುವುದನ್ನು ನಿಲ್ಲಿಸಿ ಅತ್ತೆ. ಆಮೇಲೆ ಪಾಚಿಹೊಲದಿಂದ ಬಂದ ಬೇರೆಯವರ ಕಾಗದಗಳನ್ನು ತೆಗೆದು ನೋಡಿದೆ. ಒಂದರಲ್ಲಿ 05/13 ಎಂದಿತ್ತು. ಹದಿಮೂರನೆಯ ತಿಂಗಳು ಅಲ್ಲಿಯವರಿಗೂ ಇಲ್ಲ. ಅವರ ನಡುವೆ ಬರೆಯಲು ಕಲಿತ ಹೊನ್ನಮ್ಮನೂ ತಿಂಗಳನ್ನೇ ಮುಂದಿಟ್ಟಿದ್ದಳು.

ಅಮ್ಮನಿಗೆ ಎಪ್ಪತ್ತೆಂಟು. ತಾನು ತಪ್ಪಿದ್ದೇನೆಂದು ಯಾರಾದರೂ ಅಂದರೆ ಎರಡು ದಿನ ಊಟ ಬಿಡುವ ಹೆಂಗಸು. ಹೇಳುವುದೋ ಬೇಡವೋ ಎಂದು ಒಂದು ವಾರ ಒದ್ದಾಡಿ, ಕಡೆಗೆ ಪುಸ್ತಕವನ್ನೇ ಮುಂದೆ ಇಟ್ಟೆ. ಅಮ್ಮ ಓದಿದಳು. ಮೇಯಿಂದ ಆಗಸ್ಟ್‌ವರೆಗೆ ಒಂದೊಂದೇ ಹಾಳೆ ತಿರುಗಿಸಿದಳು, ಆವತ್ತು ತಿರುಗಿಸದ ಹಾಳೆಗಳನ್ನು.

“ನಾನೇ ಹೋಗಿ ಹೇಳ್ಬೇಕು. ನೀ ಸುಮ್ನೆ ಸಂಗಡ ಬಾ” ಎಂದಳು.

ಬೊಮ್ಮಯ್ಯನವರು ದೋಣಿಯ ಹಲಗೆಗೆ ಎಣ್ಣೆ ಹಚ್ಚುತ್ತಿದ್ದರು. ಅಮ್ಮ ಕೂರಲೂ ಇಲ್ಲ, ನಿಂತಲ್ಲೇ ಎಲ್ಲ ಹೇಳಿ ಕೈಮುಗಿದಳು. ಅವರು ಎಣ್ಣೆಯ ಬಟ್ಟೆಯನ್ನು ಹಲಗೆಯ ಮೇಲಿಟ್ಟರು.

“ಮೂರು ದಿವ್ಸ ಕೂತ್ಕಂಡಿತ್ತನೇ ಅಕ್ಕಾ, ನಮ್ ಅವ್ವಿ?” ಎಂದು ಕೇಳಿದರು. ಅಮ್ಮ ಹೌದೆಂದಳು. “ಅಪ್ಪ ಸಾಯೂವರಿಗೂ ಬೈದ. ನಾನೂ ಬೈದೆ. ಅದು ಬಂದಿತ್ತು.”

ಅಮ್ಮನ ಮೇಲೆ ಅವರು ಸಿಟ್ಟಾಗಲಿಲ್ಲ. ಚಾ ಮಾಡಿಸಿಕೊಟ್ಟರು. ಹೊರಡುವಾಗ ನನ್ನನ್ನು ಕರೆದು, “ತಂಗಿ, ಆಮೇಲೆ ಎಲ್ಲಿಗೆ ಹೋತು ಅದು?” ಎಂದರು. ಆ ಹಡಗು ಮುಂದೆ ಯಾವ ಬಂದರಿಗೆ ಹೋಯಿತೆಂಬ ಕಾಗದ ನಮ್ಮಲ್ಲಿಲ್ಲ. ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ಸಿಗುವ ಭರವಸೆ ಇಲ್ಲ.

ಹಿರಿಯರೇ, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ ಎಂದು ನಿಮಗೆ ಹೇಳಬಹುದು. ಬರೆದರೆ ಒಳ್ಳೆಯದೇ, ಮೂರು ಅಕ್ಷರ ಹೆಚ್ಚು ಬರೆದರೆ ಯಾರ ಕೈಯೂ ಸವೆಯುವುದಿಲ್ಲ. ಆದರೆ ನಾನು ಕೇಳಬೇಕೆಂದಿದ್ದು ಅದಲ್ಲ. ಬಂದಿದ್ದಳು ಎಂದು ಮಗನಿಗೆ ಹೇಳಲು ನಾವಿದ್ದೆವು. ತಾಯಿಗೆ ಹೇಳಲು ಯಾರೂ ಇಲ್ಲ. ತನ್ನವರು ತನ್ನನ್ನು ಒಪ್ಪಲಿಲ್ಲ ಎಂದುಕೊಂಡೇ ಆಕೆ ಹಡಗು ಹತ್ತಿದಳು. ಮುಂದಕ್ಕೆ ಹೋಗುವ ಯಾವ ಕಾಗದವೂ ಆಕೆಯನ್ನು ಮುಟ್ಟಲಾರದು. ಹಿಂದಕ್ಕೆ ಹೋಗುವುದು ಇದೊಂದೇ, ಮತ್ತು ನಿಮ್ಮಲ್ಲಿಗೆ ಬರುವ ದಾರಿಯಲ್ಲಿ ಇದು ಆಕೆ ಕಟ್ಟೆಯ ಮೇಲೆ ಕೂತಿದ್ದ ವರ್ಷವನ್ನು, ಎರಡು ಸಾವಿರದ ಮುನ್ನೂರ ಇಪ್ಪತ್ತೊಂಬತ್ತನ್ನು, ದಾಟಿಯೇ ಬರಬೇಕು. ಇದನ್ನು ಓದುವಾಗ ಈ ಕೊನೆಯ ಸಾಲುಗಳನ್ನಾದರೂ ಗಟ್ಟಿಯಾಗಿ ಓದಿ. ನಿಮ್ಮಲ್ಲಿ ಆಡಿದ ಮಾತು ಮುಂದಿನವರನ್ನು ಮುಟ್ಟುತ್ತದೆಯೋ ಇಲ್ಲವೋ ನನಗೆ ತಿಳಿಯದು, ಆದರೂ ಓದಿ.

ಹೊನ್ನಮ್ಮಾ, ಅವರು ಬಂದಿದ್ದರು. ಮಳೆಯಲ್ಲಿ ದಿನವಿಡೀ ನಿಂತಿದ್ದರು, ನಿನ್ನ ಗಂಡನೂ ಮಗನೂ, ಇಬ್ಬರೂ.