ಮನಾಲಿಗೆ ಕರೆದುಕೊಂಡು ಹೋದ ಮಗನಿಗೆ

ಚಿಕ್ಕಜಾಲ
ಮಂಗಳವಾರ

ಭೀಮರಾಜ,

ಫೋನಿನಲ್ಲಾದರೆ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಅಮ್ಮ, ವೀಕೆಂಡ್‌ಗೆ ರಜೆ ಸೇರ್ಸಿ ಮನಾಲಿಗೆ ಹೋಗೋಣ, ನಿಂಗೆ ಸ್ನೋ ತೋರಿಸ್ತೀನಿ" ಅಂದೆ. ಶೆಟ್ಟಿಹಳ್ಳಿಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದೆ ನಾನು. ಮನಾಲಿಯಲ್ಲಿ ದಿನವೂ ಮಗುವನ್ನು ನನ್ನ ಮಡಿಲಿಗೆ ಹಾಕಿ ನೀನೂ ಧನುಶ್ರೀಯೂ ಗಂಡ ಹೆಂಡತಿ ಇಬ್ಬರೇ ಬೆಟ್ಟಕ್ಕೆ ಹೋದಿರಿ. ನಾನು ಹೋಟೆಲ್ ಕಿಟಕಿಯಿಂದ ದೂರದ ಬಿಳಿ ಬೆಟ್ಟ ನೋಡುತ್ತಾ ಕೂತೆ.

ಮಗುವಿಗೆ ಶೀತವಾದೀತು ಅಂತ ಅದನ್ನೂ ಸಹಿಸಿಕೊಂಡೆ. ಆದರೆ ಹೊರಡುವ ದಿನ ಹೋಟೆಲಿನವನು, "ನಿಮ್ಮ ತಾಯಿ ಒಂದು ದಿನವೂ ಮೇಲೆ ಹೋಗಲಿಲ್ಲವಲ್ಲ" ಅಂತ ಹಿಂದಿಯಲ್ಲಿ ಕೇಳಿದ. "ಅವರನ್ನು ಕರ್ಕೊಂಡು ಬಂದಿದ್ದೇ ಮಗು ನೋಡ್ಕೊಳ್ಳೋಕೆ" ಅಂತ ನೀನೂ ಹಿಂದಿಯಲ್ಲೇ ಹೇಳಿ ನಕ್ಕೆ. ಯಶವಂತಪುರದ ಗಾರ್ಮೆಂಟ್ಸಿನಲ್ಲಿ ಬಿಹಾರದ ಹುಡುಗಿಯರ ಪಕ್ಕದಲ್ಲಿ ಕೂತು ಹೊಲಿದವಳು ನಾನು. ನನಗೆ ಹಿಂದಿ ಅರ್ಥವಾಗುತ್ತದೆ.

ಏರ್‌ಪೋರ್ಟಿನಿಂದ ಬರುವಾಗ ಚಿಕ್ಕಜಾಲದಲ್ಲಿ ಇಳಿದು ತಂಗಿಯ ಮನೆಗೆ ಬಂದದ್ದು ಅದಕ್ಕೇ. ಸುಸ್ತಾಗಿದೆ ಅಂದದ್ದು ಸುಳ್ಳು.

ನನ್ನ ಬಿಪಿ ಮಾತ್ರೆ, ನಾಲ್ಕು ಸೀರೆ ಕಳಿಸು. ಮಗುವಿಗೆ ರಾಗಿ ಸರಿ ಚೆನ್ನಾಗಿ ಆರಿಸಿ ತಿನ್ನಿಸಿ. ನನ್ನನ್ನು ಕರೆಯಲು ಬರುವುದಾದರೆ, ಮಗು ನೋಡಿಕೊಳ್ಳಲು ಬೇರೆಯವರನ್ನು ಗೊತ್ತುಮಾಡಿದ ಮೇಲೆ ಬಾ. ಆಗ ನಿನಗೆ ಬೇಕಾಗಿರುವುದು ಅಮ್ಮನೇ ಅಂತ ನಂಬುತ್ತೇನೆ.

ನಿನ್ನ ತಾಯಿ,
ಅಂಜಿನಮ್ಮ