ಪಾವು ಹಾಸುವ ಬೀದಿ ಖಾಲಿ ಜಾಗವಲ್ಲ

ಟೌನ್ ಪಂಚಾಯಿತಿಯ ಎಕ್ಸಿಕ್ಯೂಟಿವ್ ಆಫೀಸರ್ ಅವರೇ,

ನಮ್ಮ ಬೀದಿ ಯಾರದೂ ಅಲ್ಲದ ಪುರಂಬೋಕು, ಅಂದರೆ ಸರ್ಕಾರಿ ಖಾಲಿ ಜಾಗ, ಅಲ್ಲಿ ಬಸ್ ಸ್ಟ್ಯಾಂಡ್ ಬರುತ್ತದೆ ಎಂದು ಬೋರ್ಡು ನೆಟ್ಟಿದ್ದೀರಿ. ತಮಿಳಿನಲ್ಲಿ ಮರ್ಯಾದೆಯಾಗಿ ಅರ್ಜಿ ಕೊಟ್ಟೆ, ನೀವು ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಬೆಂಗಳೂರಿನ ಪೇಪರಿನಲ್ಲಿ, ನಮ್ಮ ಮನೆಮಾತಿನಲ್ಲಿ ಕೇಳುತ್ತಿದ್ದೇನೆ. ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಅಕ್ಷರ ಕಲಿತು, ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಮಾತು ಒರಟಾದರೆ ಸಹಿಸಿಕೊಳ್ಳಿ. ಸಹಿಸದಿದ್ದರೂ ನನಗೇನೂ ನಷ್ಟವಿಲ್ಲ.

ಈ ಎಂಬತ್ತನಾಲ್ಕನೇ ಇಸವಿಯ ಆಗಸ್ಟ್ ಹದಿನೈದಕ್ಕೆ ನೀವು ಊರಿನ ಚರಿತ್ರೆ ಹೇಳಿದಿರಿ. ಮಿಲ್ಲು ಬಂತಂತೆ, ಆಮೇಲೆ ಊರಾಯಿತಂತೆ. ಅದಕ್ಕೂ ಮುಂಚೆ ನೊಯ್ಯಲ್ ಹೊಳೆ ದಂಡೆಯಲ್ಲಿ ಬರೀ ಮುಳ್ಳುಕಂಟಿಯಂತೆ. ಹಾಗಾದರೆ ನಮ್ಮ ಮುತ್ತಾತಂದಿರು ಮುಳ್ಳಿನ ಮೇಲೆ ಮಲಗಿದ್ದರೋ? ಮಗ್ಗ ಹೊತ್ತು ಕನ್ನಡ ಸೀಮೆಯಿಂದ ಘಟ್ಟ ಇಳಿದವರು ಈ ದಂಡೆಯಲ್ಲಿ ನಿಂತದ್ದು ನೂಲು ನೆನೆಸುವ ನೀರಿಗಾಗಿ. ಪಾವು, ಅಂದರೆ ಸೀರೆಯ ಹಾಸುನೂಲು, ಅದನ್ನು ಉದ್ದಕ್ಕೆ ಎಳೆದು ಗಂಜಿ ಹಚ್ಚಲು ಎಷ್ಟು ನೆಲ ಬೇಕೋ ಅಷ್ಟನ್ನು ಮೊದಲು ಬಿಟ್ಟರು. ಆಮೇಲೆ ಅದರ ಎರಡೂ ಪಕ್ಕ ಗುಡಿಸಲು ಹಾಕಿದರು. ಆ ನೆಲವೇ ಬೀದಿ, ಆ ಬೀದಿಯಿಂದಲೇ ಊರು.

ನಿಮ್ಮ ಸರ್ವೇಯರ್ ಬಂದದ್ದು ಮಟಮಟ ಮಧ್ಯಾಹ್ನ. ಬಿಸಿಲೇರಿದರೆ ಗಂಜಿ ಬಿರಿದು ನೂಲು ತುಂಡಾಗುತ್ತದೆಂದು ನಾವು ನಸುಕಿಗೇ ಹಾಸಿ, ಹೊತ್ತೇರುವ ಮುಂಚೆ ಸುತ್ತಿಡುತ್ತೇವೆ. ಆತ ನೋಡಿದ್ದು ಖಾಲಿ ಬೀದಿ. ನಮ್ಮತ್ತಿಗೆ ನಾಚಿಯಮ್ಮ ಜಗಲಿಯಿಂದಲೇ ಕೂಗಿದಳು: "ತಂಬಿ, ಬೆಳಕು ಹರಿಯೋ ಮುಂಚೆ ಬಾ, ಯಾರ ಜಾಗ ಅಂತ ಗೊತ್ತಾಗ್ತದೆ."

"ಅಷ್ಟು ಬೇಗ ಆಫೀಸು ತೆಗೆಯಲ್ಲಮ್ಮಾ."

"ಕಣ್ಣಾದ್ರೂ ತೆಗೀತೀರಾ?"

ಆತ ನಕ್ಕು, ಅಳತೆ ಚೈನು ಸುತ್ತಿಕೊಂಡು ಹೋದ. ಅದೇ ನಿಮಗೆ ಸರ್ವೇ!

ಒಂದು ಮಾತು ಕೇಳಿ. ನಮ್ಮಪ್ಪ ತೀರಿಕೊಂಡ ಬೆಳಿಗ್ಗೆ ಪಕ್ಕದ ಮನೆ ಪೆರಿಯಸಾಮಿಯ ಪಾವು ಬೀದಿಯಲ್ಲಿ ಹಸಿಯಾಗಿತ್ತು. ಹಸಿ ಪಾವು ಎತ್ತಿದರೆ ಎಳೆಗೆ ಎಳೆ ಅಂಟಿ ಎಲ್ಲಾ ಹಾಳು. ಆದರೂ ಅವನು ಅಳುತ್ತಾ ಬಿಚ್ಚಲು ಹೋದ. ನಮ್ಮಮ್ಮ ತಡೆದಳು: "ಬೇಡ ಸಾಮಿ, ಬದುಕಿದ್ದಿದ್ರೆ ಅವರೇ ಒಪ್ತಿರಲಿಲ್ಲ." ಅಪ್ಪನನ್ನು ಹಿತ್ತಲ ಸಂದಿಯಲ್ಲಿ, ಚಟ್ಟ ಓರೆ ಮಾಡಿಕೊಂಡು ಹೊಳೆಗೆ ಒಯ್ದೆವು. ಹೆತ್ತಪ್ಪನ ಹೆಣಕ್ಕೇ ಬಿಡದ ದಾರಿಯನ್ನು ನಿಮ್ಮ ಬಸ್ಸಿಗೆ ಬಿಡಬೇಕೇ?

ಬೋರ್ಡು ಕೀಳಿಸಿ. ಅನುಮಾನವಿದ್ದರೆ ಒಂದು ನಸುಕಿಗೆ ನೀವೇ ಬನ್ನಿ. ಪಾವಿನ ಒಂದು ತುದಿ ನಿಮ್ಮ ಕೈಗೆ ಕೊಡುತ್ತೇನೆ. ಇನ್ನೊಂದು ತುದಿ ಹಿಡಿದು ಹೊಳೆ ಕಡೆ ನಾನು ನಿಲ್ಲುತ್ತೇನೆ. ಆಗ ನಿಮ್ಮ ಬಸ್ಸು ಎಲ್ಲಿ ನಿಲ್ಲುತ್ತದೆ, ತೋರಿಸಿ.

ಇಂತಿ,
ನಿಮ್ಮ ನಕ್ಷೆಯಲ್ಲಿಲ್ಲದ ಬೀದಿಯಲ್ಲಿ ಹುಟ್ಟಿ, ಅಲ್ಲೇ ಮುದುಕನಾದ
ವೆಲ್ಲಿಂಗಿರಿ