ನಾಲ್ಕನೇ ಟ್ಯಾಂಕಿನ ನೊರೆ

ಮಾರ್ಚ್ ೪, ಬೆಳಿಗ್ಗೆ

ಇವತ್ತೂ ಬಾಟಲಿ ತಲೆಕೆಳಗೆ ಹಿಡಿದು ನಿಂತೆ. ನಾಲ್ಕನೇ ಟ್ಯಾಂಕಿನ ತಳದಲ್ಲಿ ಹೆಪ್ಪುಗಟ್ಟಿದ ಕಚ್ಚಾ ಎಣ್ಣೆ. ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಬಿಸಿ ನೀರಿನಲ್ಲಿಟ್ಟೆ — ಅಂಚು ಸ್ವಲ್ಪ ಸಡಿಲವಾಯಿತು, ಅಷ್ಟೇ. ರಿಪೋರ್ಟಿನಲ್ಲಿ ‘ಹರಿಯುವುದಿಲ್ಲ’ ಎಂದು ಬರೆದೆ.

ಹರಿಯದಿದ್ದರೆ ಏನಾಗುತ್ತದೆಂದು ಈ ಲ್ಯಾಬಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಪಂಪ್ ಎಳೆಯದ್ದನ್ನು ಮನುಷ್ಯರು ಎಳೆಯಬೇಕು. ಟ್ಯಾಂಕಿನ ಬಾಗಿಲು ಬಿಚ್ಚಿ, ಮಾಸ್ಕ್ ಹಾಕಿ, ಸಲಿಕೆ ಹಿಡಿದು ಒಳಗೆ. ಆ ಗ್ಯಾಂಗಿನ ಮೇಸ್ತ್ರಿ ನಮ್ಮವರೇ, ನನ್ನ ಗಂಡ. ಹೋದ ವರ್ಷ ಎರಡನೇ ಟ್ಯಾಂಕಿನಲ್ಲಿ ಗ್ಯಾಸ್ ಕುಡಿದು ಬಿದ್ದರು. ಹಗ್ಗ ಕಟ್ಟಿ ಹೊರಗೆಳೆದರು. ಕೆಮ್ಮು ಇನ್ನೂ ಬಿಟ್ಟಿಲ್ಲ. ಬೇರೆ ಕೆಲಸ ನೋಡಿ ಎಂದರೆ, “ನಾನು ಹೋಗ್ದಿದ್ರೆ ಇನ್ನೊಬ್ಬ ಹೋಗ್ಬೇಕಲ್ವೇನೇ?” ಎನ್ನುತ್ತಾರೆ. ಅದು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಹದಿನೆಂಟನೇ ತಾರೀಕಿಗೆ ನಾಲ್ಕನೇ ಟ್ಯಾಂಕಿನ ಬಾಗಿಲು ಬಿಚ್ಚಬೇಕೆಂದು ಸಾಹೇಬರ ಆರ್ಡರ್.

ಮಾರ್ಚ್ ೬

ಹೆಡ್ ಆಫೀಸಿನಿಂದ ಒಬ್ಬ ಮೇಡಂ ಬಂದಿದ್ದಾರೆ. ಗಿಡ್ಡ ಆಳು, ದೊಡ್ಡ ಚೀಲ. ಬಂದವರೇ ಕ್ಯಾಂಟೀನಿಗೆ ಹೋಗಿ ಕರಿದು ಉಳಿದ ಎಣ್ಣೆ ಕೇಳಿದರು! ಅಡುಗೆಯವನು ಬಿಟ್ಟ ಕಣ್ಣು ಬಿಟ್ಟಂತೆಯೇ ಕೊಟ್ಟನಂತೆ.

ಅದು ಅವರು ಚೀಲದಲ್ಲಿ ತಂದ ಸೂಕ್ಷ್ಮಜೀವಿಗಳ ಊಟ. ಕಣ್ಣಿಗೂ ಕಾಣದ ಪ್ರಾಣಿಗಳು ಎಣ್ಣೆ ತಿಂದು ಒಂದು ಬಗೆಯ ಸೋಪು ಬಿಡುತ್ತವಂತೆ. ಲ್ಯಾಬಿನ ಮೂಲೆಯ ಡ್ರಮ್ಮುಗಳಲ್ಲೆಲ್ಲ ನೊರೆ, ನೆಲದ ಮೇಲೂ ನೊರೆ. ಸಂಜೆಯೊಳಗೆ ಅವರಿಗೆ ‘ನೊರೆ ಮೇಡಂ’ ಎಂದು ಹೆಸರು ಬಿದ್ದಿತ್ತು. ಇಟ್ಟವಳು ನಾನೇ.

ಮಾರ್ಚ್ ೯

ಹೆಸರಿಟ್ಟ ಬಾಯಿಗೆ ಇವತ್ತು ಬೀಗ ಬಿತ್ತು.

ಬಾಟಲಿಗೆ ಮೊದಲು ಡ್ರಮ್ಮಿನ ಸೋಪಿನ ನೀರು, ಆಮೇಲೆ ನಮ್ಮ ಹಟಮಾರಿ ಎಣ್ಣೆ. ನಾನು ಜೋರಾಗಿ ಕುಲುಕಲು ಹೋದರೆ ಮೇಡಂ ಕೈ ಹಿಡಿದರು. “ನಿಧಾನ ಕಣಮ್ಮ. ಮಗು ತೊಟ್ಟಿಲು ತೂಗ್ತೀರಲ್ಲ, ಅಷ್ಟೇ ಸಾಕು.” ತೂಗಿದೆ. ಆಮೇಲೆ ಬಗ್ಗಿಸಿದೆ — ಗಳಗಳ ಇಳಿದುಬಿಟ್ಟಿತು! ಸ್ಟಾಪ್‌ವಾಚ್ ಒತ್ತುವುದೇ ಮರೆತೆ. ಮತ್ತೆ ಮಾಡಿದೆ. ಮತ್ತೆ ಗಳಗಳ.

ಎಣ್ಣೆ ತೆಳ್ಳಗಾಗಿಲ್ಲವಂತೆ. ಸಣ್ಣ ಸಣ್ಣ ಹನಿಯಾಗಿ ಒಡೆದಿದೆ. ಒಂದೊಂದು ಹನಿಗೂ ಸೋಪಿನ ಹೊದಿಕೆ. ಒಂದಕ್ಕೊಂದು ಅಂಟುವುದಿಲ್ಲ, ನೀರಿನ ಜೊತೆ ಜಾರಿಕೊಂಡು ಹೋಗುತ್ತವೆ. ಎಷ್ಟು ಸರಳ! ಎಷ್ಟು ಚಂದ! ನಾನು ಇಷ್ಟು ವರ್ಷ ಬಿಸಿ ಮಾಡಿ ಹೆದರಿಸುತ್ತಿದ್ದ ಎಣ್ಣೆಯನ್ನು ಈ ಪುಟ್ಟ ಪ್ರಾಣಿಗಳು ಪುಸಲಾಯಿಸಿ ಹೊರಡಿಸುತ್ತವೆ.

ಸಂಜೆ ನಮ್ಮವರನ್ನು ಕರೆತಂದು ತೋರಿಸಿದೆ. ಮೊದಲು ಮೂಗು ಮುರಿದರು. ಆಮೇಲೆ ತಾವೇ ನಾಲ್ಕು ಸಲ ಬಗ್ಗಿಸಿ ನೋಡಿದರು. ಹೋಗುವಾಗ ಡ್ರಮ್ಮಿನ ಕಡೆ ಬಾಗಿ, “ಊಟ ಆಯ್ತೇನ್ರಪ್ಪಾ?” ಎಂದರು. ಮೇಡಂ ಬಿದ್ದು ಬಿದ್ದು ನಕ್ಕರು.

ಮಾರ್ಚ್ ೧೨

ಡ್ರಮ್ಮೆಲ್ಲ ನಾಲ್ಕನೇ ಟ್ಯಾಂಕಿಗೆ ಸುರಿದಾಯಿತು. ಎರಡು ದಿನ ನೆನೆಯಲಿ ಎಂದರು ಮೇಡಂ. ಆಮೇಲೆ ಪಂಪ್ ಹಾಕಿ ತಿರುಗಿಸುವುದು. ನನಗೆ ಊಟ ಸೇರುತ್ತಿಲ್ಲ. ಅತ್ತೆ, “ಪರೀಕ್ಷೆ ನಿಂಗಾ, ಎಣ್ಣೆಗಾ?” ಎಂದು ಕೇಳಿದರು.

ಮಾರ್ಚ್ ೧೪

ಹರಿಯುವುದಿಲ್ಲ.

ಮಾರ್ಚ್ ೧೬, ಮಧ್ಯಾಹ್ನ

ನಿನ್ನೆ ಬರೆಯಲು ಮನಸ್ಸಾಗಲಿಲ್ಲ. ಹದಿನಾಲ್ಕರಂದು ಪಂಪ್ ಗೊರಗೊರ ಎಂದು ನಿಂತಿತು. ಸಾಹೇಬರು ಮೇಡಂ ಮುಖ ನೋಡದೆ, “ಬಾಟಲಿ ಬೇರೆ, ಟ್ಯಾಂಕ್ ಬೇರೆ” ಎಂದು ಹೊರಟುಹೋದರು. ಮೇಡಂ ಚೀಲ ಕಟ್ಟತೊಡಗಿದ್ದಾರೆ. ನಮ್ಮವರು ಮಾಸ್ಕ್ ತೊಳೆದು ಒಣಗಲು ಹಾಕಿದ್ದಾರೆ. ತಂತಿಯ ಮೇಲೆ ನನ್ನ ಸೀರೆಯ ಪಕ್ಕದಲ್ಲೇ.

ಈಗ ಊಟಕ್ಕೆಂದು ಗೋಡೆ ಪಕ್ಕದ ದಾರಿಯಲ್ಲಿ ಹೋಗುತ್ತಿದ್ದೆ. ಟ್ಯಾಂಕಿನ ಕೊಳಕು ನೀರು ಹೋಗಿ ಬೀಳುವ ಹೊಂಡವಿದೆಯಲ್ಲ — ಅದರ ತುಂಬ ಬೆಳ್ಳಗೆ ನೊರೆ. ಮೇಡಂ ನೊರೆ!

ಇದು ಇಲ್ಲಿಗೆ ಹೇಗೆ ಬಂತು? ಇಲ್ಲಿ ಎಣ್ಣೆಯಲ್ಲಿ ನೀರಿದ್ದರೆ ಯಾರಿಗೂ ಆಗದು. ಬೆಳಿಗ್ಗೆ ಬಂದ ತಕ್ಷಣ ತಳದ ವಾಲ್ವ್ ತೆರೆದು, ಕಪ್ಪು ಎಣ್ಣೆ ಬರುವತನಕ ನೀರು ಹೊರಬಿಡುವುದು ರೂಢಿ. ಹದಿಮೂರನೇ ತಾರೀಕೂ ಬಿಟ್ಟಿದ್ದಾರೆ. ಮಾರನೇ ದಿನವೂ. ಎಣ್ಣೆ ನೆನೆಯುವುದಿರಲಿ, ಸೋಪಿನ ನೀರೇ ಅಲ್ಲಿರಲಿಲ್ಲ.

ಬಿಟ್ಟವರು ಯಾರು? ಆ ವಾಲ್ವಿಗೆ ಕೈ ಹಾಕುವವರು ಒಬ್ಬರೇ, ನಮ್ಮವರು.

ಅದೇ ದಿನ, ಸಂಜೆ

ಹೇಳಿದರೆ ಅವರ ಕೆಲಸಕ್ಕೆ ಕುತ್ತು. ಹೇಳದಿದ್ದರೆ ನಾಡಿದ್ದು ಒಳಗಿಳಿಯುತ್ತಾರೆ. ಯಾವುದು ಹೋದರೂ ಹಾಳಾಗುವುದು ನನ್ನದೇ ಮನೆ. ಕೊನೆಗೆ ಗೇಟಿನ ಹತ್ತಿರ ಹಿಡಿದು ಅವರಿಗೇ ಹೇಳಿದೆ.

ಕಿವಿ ಕೆಂಪಾಯಿತು. “ಕೈ ತಾನೇ ಹೋಗ್ಬಿಡ್ತು ಕಣೇ.” ಆಮೇಲೆ ಸೀದಾ ಸಾಹೇಬರ ರೂಮಿಗೆ ನಡೆದರು. ಹೆಲ್ಮೆಟ್ಟೂ ತೆಗೆಯಲಿಲ್ಲ. ಒಳಗೆ ಮೇಡಂ ಕೂತಿದ್ದರು; ನಾನು ಬಾಗಿಲಲ್ಲೇ ಉಳಿದೆ. “ಮೇಡಂ ಸೋಪಿಗೆ ಏನೂ ಆಗಿಲ್ಲ ಸಾರ್. ನಾನೇ ಬಿಟ್ಟಿದ್ದು. ಏನು ಮಾಡ್ತೀರೋ ನಂಗೆ ಮಾಡಿ, ಇನ್ನೊಂದು ಸಲ ಅವರಿಗೆ ಅವಕಾಶ ಕೊಡಿ.”

ಸಾಹೇಬರು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದರು. “ನೀರು ಬಿಡಬೇಡಿ ಅಂತ ನಾನು ಯಾರಿಗೂ ಹೇಳೇ ಇಲ್ಲ. ಇವರು ದಿನಾ ಮಾಡೋ ಕೆಲಸ ಇವರು ಮಾಡಿದ್ದಾರೆ. ತಪ್ಪು ನಂದು.” ಇಬ್ಬರೂ ತಪ್ಪು ತನ್ನದೆಂದು ಜಗಳ! ಸಾಹೇಬರಿಗೆ ಯಾರನ್ನು ಬೈಯುವುದೆಂದೇ ತಿಳಿಯಲಿಲ್ಲ. ಇಬ್ಬರಿಗೂ ಕೈಮುಗಿಯಬೇಕೆನಿಸಿತು ನನಗೆ. ಮುಗಿಯಲಿಲ್ಲ. ಹೊಂಡಕ್ಕೆ ಓಡಿದೆ.

ಒಂದು ಬಾಟಲಿ ಹೊಂಡದ ನೀರು, ಟ್ಯಾಂಕಿನ ಎಣ್ಣೆ, ತೊಟ್ಟಿಲು ತೂಗಿದಷ್ಟೇ. ಬಗ್ಗಿಸಿದೆ.

ಗಳಗಳ.

ಹೊಸದಾಗಿ ಸೋಪು ಮಾಡಲು ಸಮಯವಿಲ್ಲ. ಬೇಕಾಗಿಯೂ ಇಲ್ಲ. ನಾಳೆ ಬೆಳಿಗ್ಗೆಯಿಂದ ಹೊಂಡದ ನೀರನ್ನೇ ವಾಪಸ್ ತುಂಬುವುದು. ಹದಿನೆಂಟರ ಸಂಜೆಯತನಕ ಮಾತ್ರ ಎಂದರು ಸಾಹೇಬರು. ಆಗಲೂ ಪಂಪ್ ಎಳೆಯದಿದ್ದರೆ ಬಾಗಿಲು ಬಿಚ್ಚುವುದೇ.

ಮಾರ್ಚ್ ೧೭

ನಮ್ಮವರು ಮನೆಯ ಸೈಕಲ್ ಬೀಗ ತಂದು ತಳದ ವಾಲ್ವಿಗೆ ಹಾಕಿದ್ದಾರೆ. ಕೀಲಿಯನ್ನು ಮೇಡಂ ಕೈಗೆ ಕೊಟ್ಟು, “ನಾನು ಕೇಳಿದ್ರೂ ಕೊಡ್ಬೇಡಿ. ನನ್ನ ಕೈನ ನಂಬೋ ಹಾಗಿಲ್ಲ” ಎಂದರು. ಸೈಕಲ್ಲನ್ನು ಹಗ್ಗದಲ್ಲಿ ಕಂಬಕ್ಕೆ ಕಟ್ಟಿದ್ದಾರೆ, ಹಸುವಿನ ಹಾಗೆ. ಇಂಥ ಗಂಡಸಿನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಿ?

ಮಾಸ್ಕ್ ಇನ್ನೂ ತಂತಿಯ ಮೇಲಿದೆ. ಎತ್ತಿಡಲು ಧೈರ್ಯವಾಗಲಿಲ್ಲ.

ಮಾರ್ಚ್ ೧೮, ಸಂಜೆ

ಮಧ್ಯಾಹ್ನ ಪಂಪ್ ಹಾಕಿದರು. ಗೊರ್ ಎಂದಿತು. ನಿಂತಿತು. ಮೇಡಂ ನನ್ನ ಕೈ ಹಿಡಿದುಕೊಂಡರು, ಉಗುರು ನಾಟುವಷ್ಟು. ಮತ್ತೆ ಗೊರ್... ಆಮೇಲೆ ಸದ್ದು ಬದಲಾಯಿತು. ತುಂಬಿದ ಪೈಪಿನ ಸದ್ದು. ನಮ್ಮವರು ಪೈಪಿಗೆ ಕಿವಿ ಇಟ್ಟು ಕೇಳಿ, ಅಲ್ಲಿಂದಲೇ ಹೆಬ್ಬೆರಳು ಎತ್ತಿದರು. ಮೇಡಂ ಅತ್ತುಬಿಟ್ಟರು. ನಾನು ಅಳಲಿಲ್ಲ, ಬಾಟಲಿ ತುಂಬಬೇಕಿತ್ತಲ್ಲ. ರಿಪೋರ್ಟಿನಲ್ಲಿ ‘ಹರಿಯುತ್ತದೆ’ ಎಂದು ಬರೆದೆ. ಅಕ್ಷರ ಸೊಟ್ಟಗಾಗಿದೆ, ಇರಲಿ.

ತಳ ಕಾಣುವತನಕ ಪಂಪ್ ನಡೆಯಲಿ, ಯಾರೂ ಸಲಿಕೆ ಹಿಡಿದು ಇಳಿಯುವುದು ಬೇಡ ಎಂದು ಸಾಹೇಬರ ಹೊಸ ಆರ್ಡರ್.

ಮನೆಗೆ ಬಂದು ನಮ್ಮವರು ಸ್ನಾನಕ್ಕೆ ಹೋಗಿದ್ದಾರೆ. ಒಳಗಿನಿಂದ ಹಾಡು ಬೇರೆ, ಶ್ರುತಿ ದೇವರಿಗೇ ಪ್ರೀತಿ. ಅವರ ಅಂಗಿಯನ್ನು ಎಂದಿನಂತೆ ಬೇರೆ ಬಕೆಟ್ಟಿಗೆ ಹಾಕಲು ಎತ್ತಿಕೊಂಡೆ. ಬಾಗಿಲು ಬಿಚ್ಚುವ ದಿನದ ಅಂಗಿಯನ್ನು ನಾನು ಮೂರು ಸಲ ಒಗೆದರೂ ಕಪ್ಪು ಬಿಡುತ್ತಿರಲಿಲ್ಲ. ಕಾಲರ್ ತಿರುಗಿಸಿ ನೋಡಿದೆ. ತೋಳು ನೋಡಿದೆ. ಮೂಗಿಗೆ ಹಿಡಿದೆ. ಬರೀ ಬೆವರಿನ ವಾಸನೆ. ಬರೀ ಅವರ ವಾಸನೆ.